ಗೂಢಲಿಂಗವ್ಯಾಧಿಯೂ ನಮ್ಮ ಪರಿಭಾಷೆಯೂ

೧

ರೋಗಾಣುಗಳನ್ನು ಕುರಿತು ಕನ್ನಡದಲ್ಲಿ ಈಚೆಗೆ ಪ್ರಕಟವಾಗುತ್ತಿರುವ ಲೇಖನಗಳಲ್ಲಿ ಎರಡು ಪದಪುಂಜಗಳು ಪುನಃ ಪುನಃ ಕಾಣಬರುತ್ತವೆ. ಒಂದು ‘ರೋಗನಿರೋಧಕ ಶಕ್ತಿ’. ಇನ್ನೊಂದು ‘ಔಷಧನಿರೋಧಕ ಶಕ್ತಿ’. ಮೊದಲನೆಯದು ಮನುಷ್ಯನಲ್ಲಿರಬೇಕಾದ ಗುಣ; ಎರಡನೆಯದು ರೋಗಾಣುವಿನಲ್ಲಿದ್ದು ಮನುಷ್ಯನಿಗೆ ಮಾರಕವಾಗುವ ಗುಣ. ಬರೆಯುವವರಿಗೆ ಈ ಭೇದವು ಸ್ಪಷ್ಟವಾಗಿಯೇ ಇರುತ್ತದೆ. ಓದುವವರಿಗೂ ಹಾಗೆಯೇ ಇರುತ್ತದೆಯೇ ಎಂಬುದು ವಿಚಾರಾರ್ಹವಾದ ವಿಷಯ.

ಕಳೆದ ಆಟಿ ತಿಂಗಳಲ್ಲಿ ಪೆರ್ಡೂರಿನ ಕೃಷಿಕರೊಬ್ಬರಿಗೆ ಇಂಥ ಒಂದು ಲೇಖನವನ್ನು ಓದಿ ಹೇಳುವ ಸಂದರ್ಭವು ನನಗೆ ಒದಗಿತು. ಅವರು ಬಹುಕಾಲದಿಂದ ಮಧುಮೇಹವುಳ್ಳವರು. ಮಳೆಗಾಲವೆಲ್ಲ ಬರಿಗಾಲಿನಲ್ಲಿ ಗದ್ದೆಯ ಕೆಸರಿನಲ್ಲಿರುವವರು. ಸಾವಧಾನವಾಗಿ ಎಲ್ಲವನ್ನೂ ಕೇಳಿದ ಮೇಲೆ ಅವರು ತುಳುವಿನಲ್ಲಿ ಕೇಳಿದ ಪ್ರಶ್ನೆಯ ತಾತ್ಪರ್ಯವು ಇಷ್ಟು: “ಭಟ್ರೇ, ನಿರೋಧಕ ಶಕ್ತಿ ಹೆಚ್ಚಬೇಕೆಂದು ಡಾಕ್ಟ್ರು ಹೇಳುತ್ತಾರೆ. ಇದರಲ್ಲಿ ಅದು ಹೆಚ್ಚಿದರೆ ಅಪಾಯವೆಂದು ಬರೆದಿದ್ದಾರಲ್ಲ! ಹಾಗಾದರೆ ಮದ್ದು ತೆಗೆದುಕೊಳ್ಳಬೇಕೋ, ಬೇಡವೋ?”

ಇದು ನಕ್ಕುಬಿಡತಕ್ಕ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೫ರಲ್ಲಿ ಭಾರತವೂ ಸೇರಿದಂತೆ ಹನ್ನೆರಡು ದೇಶಗಳಲ್ಲಿ ಸುಮಾರು ಹತ್ತು ಸಾವಿರ ಜನರನ್ನು ವಿಚಾರಿಸಿದಾಗ, ಆಂಟಿಬಯೋಟಿಕ್ ಮದ್ದಿಗೆ ಬಗ್ಗದಂತಾಗುವುದು ರೋಗಿಯ ದೇಹವೇ ಎಂದು ನೂರಕ್ಕೆ ೭೬ ಮಂದಿ ತಿಳಿದಿದ್ದರು. ಬಗ್ಗದಿರುವುದು ದೇಹವಲ್ಲ, ರೋಗಾಣು. ಆದುದರಿಂದ ಈ ಭ್ರಾಂತಿಯು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಆದರೆ ಕನ್ನಡದಲ್ಲಿ ಅದಕ್ಕೆ ಪದವೇ ಒತ್ತಾಸೆಯಾಗಿ ನಿಂತಿದೆಯೆಂಬುದು ನನ್ನ ಅಭಿಪ್ರಾಯ. ಒಂದು ಗುಣವನ್ನು ಅದರ ಆಶ್ರಯದಲ್ಲಿ ಕಾಣದೆ ಬೇರೊಂದರಲ್ಲಿ ಆರೋಪಿಸುವುದು ನೈಯಾಯಿಕರು ಬಲ್ಲ ದೋಷ. ಈ ಆಶ್ರಯದೋಷವು ‘ನಿರೋಧ’ವೆಂಬ ಒಂದೇ ಪದಕ್ಕೆ ಸೀಮಿತವಾಗಿಲ್ಲ, ನಮ್ಮ ಪ್ರಾಚೀನ ವೈದ್ಯಶಾಸ್ತ್ರದಿಂದ ಬಂದ ‘ಗೂಢಲಿಂಗ’, ‘ಅನುಪಶಯ’ ಎಂಬ ಪದಗಳನ್ನು ನಾವು ಇಂದು ಬಳಸುವಲ್ಲಿಯೂ ಅದೇ ದೋಷವು ಹೊಕ್ಕಿದೆ. ಈ ಮೂರನ್ನೂ ಒಂದೇ ವ್ಯಾಧಿಯ ಉದಾಹರಣೆಯಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಆ ವ್ಯಾಧಿಯ ಹೆಸರು ಮೆಲಿಯಾಯ್ಡೋಸಿಸ್. ಅದರ ರೋಗಾಣುವನ್ನು ಬರ್ಕ್‌ಹೋಲ್ಡೇರಿಯ ಸೂಡೋಮಲ್ಲೈ ಎಂದು ಕರೆಯುತ್ತಾರೆ. ೧೯೧೧ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಎಂಬವರೂ ಅವರ ಸಹಾಯಕರಾಗಿದ್ದ ಸಿ. ಎಸ್. ಕೃಷ್ಣಸ್ವಾಮಿ ಎಂಬವರೂ ಇದನ್ನು ಮೊದಲು ಗುರುತಿಸಿ ೧೯೧೨ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೨೧ರಲ್ಲಿ ಸ್ಟಾಂಟನ್, ಫ್ಲೆಚರ್ ಎಂಬ ಇಬ್ಬರು ಇದಕ್ಕೆ ಈಗಿನ ನಾಮಕರಣವನ್ನು ಮಾಡಿದರು. ಕತ್ತೆ ಕುದುರೆಗಳಿಗೆ ಬರುವ ಒಂದು ವ್ಯಾಧಿಯನ್ನು ಹೇಳುವ ಗ್ರೀಕ್ ಶಬ್ದಕ್ಕೆ ‘ಸದೃಶ’ವೆಂಬ ಅರ್ಥದ ಶಬ್ದವನ್ನು ಸೇರಿಸಿದುದು ಆ ಹೆಸರು. ಅರ್ಥಾತ್, ಇದರ ಹೆಸರೇ ಒಂದು ಉಪಮಾನ. ‘ಇದು ಅದರಂತೆ ಇದೆ’ ಎಂಬುದಕ್ಕಿಂತ ಹೆಚ್ಚಾಗಿ ಆ ಹೆಸರು ಏನನ್ನೂ ಹೇಳುವುದಿಲ್ಲ. ಉಪಮಾನವಾದ ಆ ಕುದುರೆಯ ರೋಗವನ್ನಾದರೋ ನಮ್ಮಲ್ಲಿ ಕಂಡವರು ವಿರಳ.

ಇದನ್ನು ‘ಮಣ್ಣುಜ್ವರ’ವೆಂದು ಕನ್ನಡಿಸಿದರೇನು ಎಂದು ಯಾರಾದರೂ ಕೇಳಬಹುದು. ಜ್ವರವು ಇದರ ಮುಖ್ಯಲಕ್ಷಣವಾಗಿ ಎಲ್ಲ ರೋಗಿಗಳಲ್ಲಿಯೂ ತೋರುವುದಿಲ್ಲ. ಮಣ್ಣಿನಿಂದ ಬರುವ ವ್ಯಾಧಿಯು ಇದೊಂದೇ ಅಲ್ಲ, ಧನುರ್ವಾಯುವೂ ಇದೆ. ಅತಿವ್ಯಾಪ್ತಿ, ಅವ್ಯಾಪ್ತಿ ಎರಡೂ ಇರುವ ಹೆಸರಿಗಿಂತ ಅಪರಿಚಿತವಾದರೂ ಗ್ರೀಕ್ ಹೆಸರನ್ನೇ ಕನ್ನಡಲಿಪಿಯಲ್ಲಿ ಉಳಿಸಿಕೊಳ್ಳುವುದು ಲೇಸು.

ಈ ರೋಗಾಣುವಿನ ನೆಲೆಯು ಒದ್ದೆಯಾದ ಮಣ್ಣು ಮತ್ತು ನಿಂತ ನೀರು. ಕಾಲಿನ ಸಣ್ಣ ಗಾಯದ ಮೂಲಕವೋ, ಬಿರುಗಾಳಿಮಳೆಯಲ್ಲಿ ಉಸಿರಿನ ಮೂಲಕವೋ, ನೀರಿನ ಮೂಲಕವೋ ಅದು ದೇಹವನ್ನು ಹೊಗುತ್ತದೆ. ಮಧುಮೇಹಿಗಳನ್ನು ಅದು ವಿಶೇಷವಾಗಿ ಹಿಡಿಯುತ್ತದೆ. ವರ್ಷಕ್ಕೆ ೪೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ, ಬೈಲುಗದ್ದೆಗಳಿಂದ ತುಂಬಿದ, ಮಧುಮೇಹವು ಮನೆಮನೆಯ ಮಾತಾಗಿರುವ ನಮ್ಮ ಉಡುಪಿ ಸೀಮೆಗೆ ಇದು ಅಪರಿಚಿತವಾಗಿರುವುದು ಹೇಗೆ ಸಾಧ್ಯ? ಭಾರತದಲ್ಲಿ ಇದರ ಮೊದಲ ವರದಿಯು ೧೯೯೧ರಲ್ಲಿ ಮುಂಬಯಿಯಿಂದ ಬಂದಿತು. ಅನಂತರ ವೆಲ್ಲೂರು, ಮಂಗಳೂರು ಮೊದಲಾದ ಕಡೆಗಳಿಂದಲೂ, ೧೯೫೩ರಲ್ಲಿ ಸ್ಥಾಪಿತವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದಲೂ ಅನೇಕ ರೋಗಿಗಳ ವೃತ್ತಾಂತಗಳು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೧,೬೫,೦೦೦ ಜನರಿಗೆ ಇದು ತಗಲಿ, ಅವರಲ್ಲಿ ೮೯,೦೦೦ ಜನರು ಸಾಯುತ್ತಾರೆಂದು ೨೦೧೬ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ.

ಈ ವ್ಯಾಧಿಯು ಒಬ್ಬನಲ್ಲಿ ನ್ಯೂಮೋನಿಯವಾಗಿ ಬಂದು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಇನ್ನೊಬ್ಬನಲ್ಲಿ ಯಕೃತ್ತಿನಲ್ಲಿಯೋ ಪ್ಲೀಹದಲ್ಲಿಯೋ ಕೀವುಗಡ್ಡೆಯಾಗುತ್ತದೆ. ಮತ್ತೊಬ್ಬನಲ್ಲಿ ಕೀಲಿನ ಬಾವಾಗುತ್ತದೆ. ಹಲವರಲ್ಲಿ ತಿಂಗಳುಗಟ್ಟಲೆ ಕೆಮ್ಮು, ಜ್ವರ, ಕೃಶತೆಗಳನ್ನು ತೋರಿಸಿ ಕ್ಷಯವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಕೆಲವರ ದೇಹದಲ್ಲಿ ಎಷ್ಟೋ ವರ್ಷ ಸುಪ್ತವಾಗಿದ್ದು ಆಮೇಲೆ ಏಳುವುದೂ ಉಂಟು. ಪೆರ್ಡೂರು ಮೇಳದ ಆಟಗಳನ್ನು ನೋಡಿ ಬೆಳೆದವರು, ವೇಷವು ಯಾವುದೇ ಇರಲಿ, ಹೆಜ್ಜೆಯನ್ನು ನೋಡಿ ಕಲಾವಿದನು ಇಂಥವನೆಂದು ಹೇಳಬಲ್ಲರು. ಈ ರೋಗಾಣುವಿನ ವೇಷಗಳು ಅನೇಕ; ಅದರ ಹೆಜ್ಜೆ ಯಾವುದು?

೩

ಚರಕಸಂಹಿತೆಯ ವಿಮಾನಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ, ಗೂಢಲಿಂಗವಾದ ವ್ಯಾಧಿಯನ್ನು, ಎಂದರೆ ಲಕ್ಷಣಗಳು ಅಡಗಿರುವ ವ್ಯಾಧಿಯನ್ನು, ಉಪಶಯ ಅನುಪಶಯಗಳಿಂದ ಅರಿಯಬೇಕೆಂಬ ವಿಧಿಯು ಬರುತ್ತದೆ. ಮೆಲಿಯಾಯ್ಡೋಸಿಸ್ಸನ್ನು ಹೇಳಲು ಈ ಶಬ್ದಕ್ಕಿಂತ ಅಂದವಾದುದು ಬೇರೆ ದೊರೆಯದು. ಆದರೆ ಈ ‘ಗೂಢತ್ವ’ವು ಇರುವುದು ಎಲ್ಲಿ? ವ್ಯಾಧಿಯಲ್ಲಿಯೋ, ನೋಡುವವನಲ್ಲಿಯೋ?

ವ್ಯಾಧಿಯಲ್ಲಿಯೇ ಎಂದು ತಿಳಿಯುವುದು ಸುಲಭ. ಹಾಗೆ ತಿಳಿದರೆ ನೋಡುವವನ ಹೊಣೆ ತಪ್ಪಿತು. ವಾಸ್ತವವಾಗಿ ಈ ರೋಗಾಣುವು ಪ್ರಯೋಗಶಾಲೆಯ ಸಾಧಾರಣ ತಟ್ಟೆಯಲ್ಲಿಯೂ ಬೆಳೆಯುತ್ತದೆ. ಆದರೆ ನಿಧಾನವಾಗಿ ಬೆಳೆಯುತ್ತದೆ. ಅದರ ಸಮೂಹಗಳು ಸ್ಪಷ್ಟವಾಗಿ ತೋರಲು ೪೮ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಮರುದಿನವೇ ತಟ್ಟೆಯನ್ನು ಎಸೆದವರಿಗೆ ಅದು ‘ಗೂಢ’. ಕಫದಲ್ಲಿ ಇತರ ಜೀವಾಣುಗಳು ಬೇಗನೆ ಬೆಳೆದು ಇದನ್ನು ಮುಚ್ಚಿಬಿಡುತ್ತವೆ. ಬೆಳೆದುದನ್ನು ಕಂಡರೂ, ಹೊರಗಿನಿಂದ ಬಿದ್ದ ನಿರುಪದ್ರವಿ ಸೂಡೋಮೋನಾಸ್ ಇರಬಹುದೆಂದು ತಳ್ಳಿಹಾಕಿದ ಸಂದರ್ಭಗಳು ಉಂಟು. ಹೆಸರನ್ನು ಹೇಳುವ ಯಂತ್ರಗಳು ಕೂಡ ಒಮ್ಮೊಮ್ಮೆ ಇದನ್ನು ಇದರ ದಾಯಾದಿಯ ಹೆಸರಿನಿಂದ ಕರೆದುಬಿಡುತ್ತವೆ. ಇವು ಯಾವುವೂ ವ್ಯಾಧಿಯ ದೋಷಗಳಲ್ಲ.

ಆಸ್ಪತ್ರೆಯಲ್ಲಿ ‘ಕಲ್ಚರ್’ ಎಂದು ಹೇಳುವ ಈ ಬೆಳೆಸುವ ಪರೀಕ್ಷೆಯು ನಿಜವಾದ ನೂರು ರೋಗಿಗಳಲ್ಲಿ ಸುಮಾರು ೬೦ ಜನರಲ್ಲಿ ಮಾತ್ರ ರೋಗಾಣುವನ್ನು ತೋರಿಸುತ್ತದೆಂದು ತಜ್ಞರು ಗಣಿಸಿದ್ದಾರೆ. ಹೀಗಿರಲಾಗಿ ಒಂದು ಪರೀಕ್ಷೆಯಲ್ಲಿ ಕಾಣಲಿಲ್ಲವೆಂಬುದರಿಂದ ‘ಇಲ್ಲ’ವೆಂದು ನಿರ್ಣಯಿಸಬಹುದೇ? ಮೀಮಾಂಸಕರು ಇದಕ್ಕೆ ಯೋಗ್ಯಾನುಪಲಬ್ಧಿಯೆಂಬ ನಿಯಮವನ್ನು ಹೇಳಿಯೇ ಇರುವರು. ಕಾಣುವುದಕ್ಕೆ ತಕ್ಕ ಸಾಮಗ್ರಿಯೆಲ್ಲ ಇದ್ದೂ ಕಾಣದಿದ್ದರೆ ಮಾತ್ರ ಅಭಾವವು ಸಿದ್ಧವಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣಲಿಲ್ಲವೆಂಬುದು ಕೊಡವಿಲ್ಲವೆಂಬುದಕ್ಕೆ ಪ್ರಮಾಣವಾಗದು. ರಕ್ತ, ಮೂತ್ರ, ಕೀವು, ಗಂಟಲಿನ ದ್ರವ ಇವುಗಳನ್ನೆಲ್ಲ ಮತ್ತೆ ಮತ್ತೆ ಪರೀಕ್ಷಿಸಬೇಕೆಂದು ವೈದ್ಯರು ಹೇಳುವುದರ ಹಿಂದೆ ಇರುವುದು ಈ ನ್ಯಾಯವೇ.

ಇಲ್ಲಿ ನಮ್ಮ ಪಂಡಿತವರ್ಗದ ಒಂದು ವಾದವನ್ನು ಸ್ಪರ್ಶಿಸದೆ ಮುಂದುವರಿಯಲಾರೆ. ಚರಕನು ರಕ್ತಜಕ್ರಿಮಿಗಳಲ್ಲಿ ಕೆಲವು ಸೂಕ್ಷ್ಮತ್ವದ ಕಾರಣದಿಂದ ಅದೃಶ್ಯವೆಂದಿರುವನು. ಆದುದರಿಂದ ರೋಗಾಣುಗಳು ನಮ್ಮ ಪೂರ್ವಿಕರಿಗೆ ತಿಳಿದೇ ಇದ್ದುವು ಎಂಬುದು ಆ ವಾದ. ಇದೇ ಶಾಸ್ತ್ರವನ್ನು ಗುರುಮುಖದಿಂದ ಓದಿದ ನಾನು ಇದನ್ನು ಒಪ್ಪಲಾರೆ. ಆ ಕ್ರಿಮಿಗಳಿಗೆ ಅಲ್ಲಿ ಹೇಳಿರುವ ಕಾರ್ಯಗಳು ಕೂದಲುದುರುವುದು, ತುರಿಕೆ, ಚರ್ಮಮಾಂಸಗಳ ಭಕ್ಷಣ ಮೊದಲಾದುವು. ಅವುಗಳ ಕಾರಣವು ಕುಷ್ಠದ ಕಾರಣವೇ ಎಂದೂ ಹೇಳಿದೆ. ಒಂದು ಜ್ವರಕ್ಕೆ ಒಂದು ಜೀವಾಣುವೇ ಕಾರಣವೆಂಬ ಸಿದ್ಧಾಂತವು ಅಲ್ಲಿಲ್ಲ. ‘ಅದೃಶ್ಯ’ವೆಂಬ ಒಂದು ಪದದ ಸಾಮ್ಯದಿಂದ ಎರಡು ಶಾಸ್ತ್ರಗಳ ಐಕ್ಯವನ್ನು ಸಾಧಿಸುವುದು ಹೆಸರು ಒಂದೇ ಆದ ಮಾತ್ರಕ್ಕೆ ಇಬ್ಬರನ್ನು ಒಬ್ಬನೆಂದಂತೆ. ಪ್ರಾಚೀನರಿಗೆ ಸಲ್ಲತಕ್ಕ ಗೌರವವು ಬೇರೆ ಕಡೆಯಲ್ಲಿದೆ. ಅದನ್ನು ಮುಂದೆ ತೋರಿಸುವೆನು.

೪

ಇನ್ನು ಅನುಪಶಯ. ಇಂಥ ಔಷಧ, ಆಹಾರ, ವಿಹಾರಗಳಿಂದ ರೋಗವು ಶಮನವಾದರೆ ಅದು ಉಪಶಯ; ಆಗದಿದ್ದರೆ ಅನುಪಶಯ. ಮಾಧವಕರನ ನಿದಾನಗ್ರಂಥದಲ್ಲಿಯೂ ನಿದಾನಪಂಚಕದಲ್ಲಿ ಉಪಶಯವು ಒಂದು. ಮದ್ದನ್ನು ಕೊಟ್ಟು ನೋಡಿ ರೋಗವನ್ನು ತಿಳಿಯುವ ಈ ಮಾರ್ಗವನ್ನು ಇಂದಿಗೂ ಎಲ್ಲ ಪದ್ಧತಿಯ ವೈದ್ಯರೂ ಒಂದಿಲ್ಲೊಂದು ಬಗೆಯಲ್ಲಿ ಅನುಸರಿಸುವರು.

ಪ್ರಕೃತ ವ್ಯಾಧಿಯಲ್ಲಿ ಈ ಮಾರ್ಗವು ರೋಗಿಯ ದೇಹದ ಮೇಲೆ ನಡೆದರೆ ಆಗುವುದೇನು? ಪೆನಿಸಿಲಿನ್, ಆಂಪಿಸಿಲಿನ್, ಜೆಂಟಮೈಸಿನ್, ಸ್ಟ್ರೆಪ್ಟೋಮೈಸಿನ್ ಇವು ಯಾವುವಕ್ಕೂ ಈ ರೋಗಾಣುವು ಸಾಮಾನ್ಯವಾಗಿ ಬಗ್ಗುವುದಿಲ್ಲ. ಒಂದೊಂದನ್ನೇ ಕೊಟ್ಟು ನೋಡುತ್ತ ಹೋದರೆ, ತೀವ್ರರೂಪದ ವ್ಯಾಧಿಯಲ್ಲಿ ನಿರ್ಣಯಕ್ಕೆ ಮೊದಲೇ ರೋಗಿಯು ಹೋಗಿರುತ್ತಾನೆ. ಕ್ಷಯವೆಂದು ಎಣಿಸಿ ಕ್ಷಯದ ಮದ್ದನ್ನು ಕೊಟ್ಟರೆ, ಅನುಪಶಯವು ತಿಳಿಯಲು ತಿಂಗಳುಗಳೇ ಕಳೆಯುತ್ತವೆ. ಕೆಮ್ಮು, ಜ್ವರ, ಪುಪ್ಪುಸದ ಚಿತ್ರದಲ್ಲಿನ ಛಾಯೆ ಇವು ಕ್ಷಯಕ್ಕೂ ಇದಕ್ಕೂ ಸಮಾನವಾದುದರಿಂದ ತರ್ಕದ ಭಾಷೆಯಲ್ಲಿ ಅನೈಕಾಂತಿಕ ಹೇತುಗಳು. ಅವುಗಳಿಂದ ನಿಶ್ಚಯವು ಹುಟ್ಟದು. ಇಷ್ಟೇ ಅಲ್ಲ: ಮಾದರಿಯನ್ನು ತೆಗೆಯುವ ಮೊದಲೇ ಮದ್ದು ಕೊಟ್ಟರೆ ರೋಗಾಣುವು ಸಾಯದೆ ಕುಗ್ಗಿ, ಪರೀಕ್ಷೆಯಲ್ಲಿ ಬೆಳೆಯದೆ ಹೋಗಬಹುದು. ಆಗ ಪರೀಕ್ಷೆಯೇ ಲಿಂಗವನ್ನು ಗೂಢವಾಗಿಸಿದಂತಾಯಿತು.

ಹಾಗಾದರೆ ಚರಕನ ವಿಧಿಯು ತಪ್ಪೇ? ಅಲ್ಲ. ಪರೀಕ್ಷೆಯ ಆಶ್ರಯವು ಬದಲಾಗಬೇಕು. ಪ್ರಯೋಗಶಾಲೆಯಲ್ಲಿ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಬೇರೆ ಬೇರೆ ಮದ್ದು ಹೀರಿಸಿದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಮದ್ದಿಗೆ ಬಗ್ಗುವ ರೋಗಾಣುವು ಬಿಲ್ಲೆಯ ಸುತ್ತ ಬೆಳೆಯದೆ ಬಯಲು ಬಿಡುತ್ತದೆ. ಬಗ್ಗದ್ದು ಬಿಲ್ಲೆಯ ಅಂಚಿನವರೆಗೂ ಬೆಳೆಯುತ್ತದೆ. ಈ ರೋಗಾಣುವು ಜೆಂಟಮೈಸಿನ್ನಿಗೂ ಕೊಲಿಸ್ಟಿನ್ನಿಗೂ ಬಗ್ಗದೆ, ಅಮಾಕ್ಸಿಸಿಲಿನ್–ಕ್ಲಾವುಲಾನೇಟ್ ಜೋಡಿಗೆ ಮಾತ್ರ ಬಗ್ಗಿದರೆ, ಇದು ಅದೇ ಇರಬೇಕೆಂಬ ಬಲವಾದ ಸಂಶಯವು ಹುಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಎರಡು ತುದಿಗಳಲ್ಲಿ ಬಣ್ಣ ಹಿಡಿದು ನಡುವೆ ತೆಳುವಾಗಿ ಸೇಫ್ಟಿ ಪಿನ್ನಿನಂತೆ ತೋರುವುದೂ, ಸಮೂಹಗಳು ದಿನ ಕಳೆದಂತೆ ಒಣಗಿ ಸುಕ್ಕಾಗುವುದೂ ಇದಕ್ಕೆ ಪೋಷಕಗಳು. ೧೯೭೯ರಲ್ಲಿ ಆಶ್‌ಡೌನ್ ಎಂಬವರು ರೂಪಿಸಿದ ತಟ್ಟೆಯ ಆಹಾರದಲ್ಲಿ ಜೆಂಟಮೈಸಿನ್ನನ್ನೇ ಬೆರೆಸಿರುವರು; ಇತರ ಅನೇಕ ಜೀವಾಣುಗಳು ಅದರಲ್ಲಿ ಅಡಗಿಹೋಗಿ ಇದು ಉಳಿಯುತ್ತದೆ. ರೋಗಿಯನ್ನು ಕೊಲ್ಲುವ ಗುಣವೇ ಇಲ್ಲಿ ರೋಗಾಣುವನ್ನು ಹಿಡಿದುಕೊಡುವ ಗುರುತಾಯಿತು. ನಾವು ಹುಡುಕುತ್ತಿದ್ದ ಹೆಜ್ಜೆ ಇದೇ. ಮಲೇಷ್ಯದ ಸರವಾಕಿನಲ್ಲಿ ಜೆಂಟಮೈಸಿನ್ನಿಗೆ ಬಗ್ಗುವ ತಳಿಗಳು ದೊರೆತಿರುವುದರಿಂದ ಈ ನಿಯಮವೂ ನಿರಪವಾದವಲ್ಲ. ಆದುದರಿಂದಲೇ ಪ್ರತಿಕಾಯಗಳಿಂದಲೂ ವಂಶದ್ರವ್ಯದಿಂದಲೂ ಗುರುತಿಸುವ ಬೇರೆ ಪರೀಕ್ಷೆಗಳನ್ನು ಇದರ ಜೊತೆಗೆ ಸೇರಿಸುತ್ತಾರೆ.

ಪರೀಕ್ಷೆಯನ್ನು ದೇಹದಿಂದ ಹೊರಕ್ಕೆ ಒಯ್ಯುವುದು ಶಾಸ್ತ್ರವಿರುದ್ಧವೆಂದು ಯಾರೂ ಹೇಳಲಾಗದು. ಗೂಢಲಿಂಗದ ವಿಧಿಯಿರುವ ಅದೇ ಅಧ್ಯಾಯದಲ್ಲಿ, ರೋಗಿಯಿಂದ ಹೊರಬಂದ ರಕ್ತವು ಶುದ್ಧರಕ್ತವೋ ರಕ್ತಪಿತ್ತವೋ ಎಂಬ ಸಂದೇಹವುಂಟಾದರೆ ಅದನ್ನು ನಾಯಿ ಕಾಗೆಗಳು ತಿನ್ನುವುದರಿಂದಲೂ ತಿನ್ನದಿರುವುದರಿಂದಲೂ ನಿಶ್ಚಯಿಸಬೇಕೆಂದು ಹೇಳಿದೆ. ಶರೀರದ ಮಾಧುರ್ಯವನ್ನು ವೈದ್ಯನು ತಾನು ರುಚಿನೋಡದೆ ನೊಣಗಳು ಮುತ್ತುವುದರಿಂದ ಊಹಿಸಬೇಕೆಂದೂ ಹೇಳಿದೆ. ಉಪಾಯವು ಇಂದು ನಮಗೆ ಒರಟಾಗಿ ತೋರಬಹುದು, ನ್ಯಾಯವು ಸೂಕ್ಷ್ಮವಾದುದು. ರೋಗಿಯಿಂದ ಮಾದರಿಯನ್ನು ತೆಗೆದು, ರೋಗಿಯನ್ನು ಪೀಡಿಸದೆ, ಹೊರಗಿನ ಸಾಕ್ಷಿಯಿಂದ ಸಂದೇಹವನ್ನು ಕಳೆಯಬೇಕೆಂಬುದು ಆ ನ್ಯಾಯ. ಪ್ರಾಚೀನರಿಗೆ ಗೌರವ ಸಲ್ಲಬೇಕಾದುದು ಇಲ್ಲಿ, ಕ್ರಿಮಿಶಬ್ದದಲ್ಲಲ್ಲ.

ಹೆಸರು ತಿಳಿದುದರಿಂದ ಆಗುವ ಫಲವು ಎಷ್ಟೆಂಬುದನ್ನೂ ನೋಡಬೇಕು. ಥೈಲೆಂಡಿನ ಉಬೊನ್ ರಾಚಥಾನಿಯಲ್ಲಿ ನಡೆದು ೧೯೮೯ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹಳೆಯ ಔಷಧಸಮುದಾಯವನ್ನು ಪಡೆದ ತೀವ್ರರೋಗಿಗಳಲ್ಲಿ ನೂರಕ್ಕೆ ೭೪ ಜನರು ಸತ್ತರೆ, ಸೆಫ್ಟಾಜಿಡಿಮ್ ಎಂಬ ಔಷಧವನ್ನು ಪಡೆದವರಲ್ಲಿ ೩೭ ಜನರು ಸತ್ತರು. ಮರಣವು ಅರ್ಧಕ್ಕಿಳಿಯಿತು. ಆ ಔಷಧವನ್ನು ಆರಿಸಬೇಕಾದರೆ ಮೊದಲು ವ್ಯಾಧಿಯನ್ನು ನೆನೆಯಬೇಕು.

೫

ಕೊನೆಯದಾಗಿ ‘ನಿರೋಧ’. ‘ರೋಗನಿರೋಧಕ’, ‘ಔಷಧನಿರೋಧಕ’ ಎರಡೂ ತತ್ಪುರುಷ ಸಮಾಸಗಳು, ವ್ಯಾಕರಣದೃಷ್ಟಿಯಿಂದ ನಿರ್ದುಷ್ಟ. ಎರಡರಲ್ಲಿಯೂ ಪೂರ್ವಪದವು ಕರ್ಮವನ್ನು ಹೇಳುತ್ತದೆ: ತಡೆಯಲ್ಪಡುವುದು ರೋಗ, ತಡೆಯಲ್ಪಡುವುದು ಔಷಧ. ತಡೆಯುವ ಕರ್ತೃವು ಯಾರು? ಸಮಾಸವು ಹೇಳುವುದಿಲ್ಲ. ‘ಶಕ್ತಿ’ಯೆಂಬುದಕ್ಕೆ ಒಂದು ಆಶ್ರಯವು ಬೇಕೇ ಬೇಕು; ಅದನ್ನು ಹೇಳದಿದ್ದಾಗ ಓದುಗನು ತನ್ನ ದೇಹವನ್ನೇ ಅಲ್ಲಿ ಕೂರಿಸುತ್ತಾನೆ. ಮೇಲಾಗಿ ‘ಶಕ್ತಿ’ಯು ಪ್ರಶಂಸೆಯ ಶಬ್ದ. ನಮ್ಮ ಕೃಷಿಕರು ಎಡವಿದುದು ಇಲ್ಲಿಯೇ. ಅವರು ಎಡವಲಿಲ್ಲ, ಲೇಖಕರು ಎಡವಿಸಿದರು.

ಈ ರೋಗಾಣುವು ಮದ್ದನ್ನು ತಡೆಯುವ ರೀತಿಯನ್ನು ನೋಡಿದರೆ ಆಶ್ರಯವು ನಿಸ್ಸಂದಿಗ್ಧವಾಗುತ್ತದೆ. ಅದರ ಕೋಶದ ಪೊರೆಯಲ್ಲಿ ಒಳಗೆ ಬಂದ ಜೆಂಟಮೈಸಿನ್ನನ್ನು, ದೋಣಿಯಿಂದ ನೀರು ಚೆಲ್ಲುವಂತೆ, ಹೊರಕ್ಕೆ ಚೆಲ್ಲುವ ಏರ್ಪಾಡುಗಳಿವೆ. ಪೆನಿಸಿಲಿನ್ ಜಾತಿಯ ಮದ್ದುಗಳನ್ನು ಒಡೆಯುವ ಕಿಣ್ವವಿದೆ. ಹೊರಪೊರೆಯ ರಚನೆಯು ಕೊಲಿಸ್ಟಿನ್ನಿಗೆ ಅಂಟಲು ಎಡೆಗೊಡುವುದಿಲ್ಲ. ಇವು ಯಾವುವೂ ರೋಗಿಯ ದೇಹದಲ್ಲಿಲ್ಲ. ಅಲ್ಲದೆ ಮದ್ದಿನ ದುರುಪಯೋಗದಿಂದಲೇ ಈ ಗುಣವು ಹುಟ್ಟುತ್ತದೆಂದು ನಮ್ಮ ಲೇಖನಗಳು ಸಾಮಾನ್ಯವಾಗಿ ಹೇಳುವುದು ಈ ರೋಗಾಣುವಿನ ವಿಷಯದಲ್ಲಿ ಅರ್ಧಸತ್ಯ. ಗದ್ದೆಯ ಮಣ್ಣಿನಲ್ಲಿರುವ, ಆಸ್ಪತ್ರೆಯನ್ನೇ ಕಾಣದ ರೋಗಾಣುವಿಗೂ ಇದು ಸಹಜವಾಗಿಯೇ ಇದೆ. ಸೆಫ್ಟಾಜಿಡಿಮಿನಂಥ ಮದ್ದಿಗೆ ಚಿಕಿತ್ಸೆಯ ನಡುವೆ ಬಗ್ಗದಂತಾಗುವುದು ವಿರಳವಾಗಿ ಕಾಣುವ ಆರ್ಜಿತ ಗುಣ. ಸಹಜ, ಆರ್ಜಿತ ಎಂಬ ಈ ಎರಡು ಶಬ್ದಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ, ಬಳಸಲು ಸಂಕೋಚವೇಕೆ?

ನನ್ನ ಸೂಚನೆಯು ಇಷ್ಟು. ‘ನಿರೋಧ’ವನ್ನು ಮನುಷ್ಯದೇಹಕ್ಕೆ ಮೀಸಲಿಡೋಣ. ಪಾಠಪುಸ್ತಕಗಳಲ್ಲಿ ಎರಡನೆಯ ಅರ್ಥಕ್ಕೆ ‘ರೋಗಾಣುವಿನ ಔಷಧಪ್ರತಿರೋಧ’ವೆಂದು, ಷಷ್ಠೀವಿಭಕ್ತಿಯಿಂದ ಆಶ್ರಯವನ್ನು ತಪ್ಪದೆ ಹೇಳಿ, ‘ಶಕ್ತಿ’ಯನ್ನು ಬಿಡೋಣ. ಜನಸಾಮಾನ್ಯರಿಗೆ ಬರೆಯುವಾಗ ‘ಮದ್ದಿಗೆ ಬಗ್ಗದ ರೋಗಾಣು’ ಎನ್ನೋಣ. ಇಲ್ಲಿ ವಿಶೇಷ್ಯವೇ ರೋಗಾಣುವಾದುದರಿಂದ ಆಶ್ರಯವು ಜಾರುವಂತಿಲ್ಲ. ಸಂಸ್ಕೃತಪಾಠಶಾಲೆಯಲ್ಲಿ ಬೆಳೆದವನು ದೇಶ್ಯಪದಗಳ ಪಕ್ಷವನ್ನು ವಹಿಸುವನೇ ಎಂದು ಸ್ನೇಹಿತರು ಆಕ್ಷೇಪಿಸಬಹುದು. ಶಬ್ದಕ್ಕೆ ಗೌರವವು ಅದರ ಕುಲದಿಂದಲ್ಲ, ಅದು ಮಾಡಿಸುವ ಬೋಧದಿಂದ. ೧೪ನೆಯ ಶತಮಾನದಲ್ಲಿಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡಕ್ಕೆ ಇಳಿಸಿದ್ದನೆಂಬುದನ್ನು ಮರೆಯಬಾರದು.

ಪದವನ್ನು ತಿದ್ದಿದ ಮಾತ್ರಕ್ಕೆ ಜ್ವರವು ಬಿಡದೆಂಬುದು ನಿಜ. ಈ ವ್ಯಾಧಿಗೆ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಎಂಬ ಮದ್ದನ್ನು ಕನಿಷ್ಠ ೧೦ರಿಂದ ೧೪ ದಿನ ರಕ್ತನಾಳದ ಮೂಲಕ ಕೊಟ್ಟು, ಆ ಬಳಿಕ ಕೋಟ್ರೈಮಾಕ್ಸಜೋಲ್ ಗುಳಿಗೆಗಳನ್ನು ಕನಿಷ್ಠ ಮೂರು ತಿಂಗಳು ಕೊಡುವರು. ಜ್ವರ ಬಿಟ್ಟಿತೆಂದು ಗುಳಿಗೆಯನ್ನು ನಡುವೆ ನಿಲ್ಲಿಸಿದವರಲ್ಲಿ ವ್ಯಾಧಿಯು ಮರುಕಳಿಸುವ ಭಯವಿದೆ. ಮೂರು ತ��ಂಗಳ ಕಾಲ ಪ್ರತಿದಿನ ಮದ್ದನ್ನು ನುಂಗಬೇಕಾದ ಮನುಷ್ಯನು, ‘ಮದ್ದು ಹೆಚ್ಚಿದರೆ ನನ್ನ ದೇಹವೇ ಮದ್ದಿಗೆ ಬಗ್ಗದಂತಾದೀತು’ ಎಂದು ತಿಳಿದಿದ್ದರೆ ಅವನು ಯಾವ ದಿನ ಅದನ್ನು ನಿಲ್ಲಿಸುವನೆಂಬುದನ್ನು ಊಹಿಸಬಹುದು. ಪರಿಭಾಷೆಯ ಪ್ರಶ್ನೆಯು ಇಲ್ಲಿಗೆ ಬಂದು ಮುಟ್ಟುತ್ತದೆ.

ಅದೇ ಕೃಷಿಕರಿಗೆ ಎರಡನೆಯ ಬಾರಿ, ಮದ್ದಿಗೆ ಬಗ್ಗದ್ದು ನಿಮ್ಮ ಮೈಯಲ್ಲ, ಒಳಹೊಕ್ಕ ರೋಗಾಣು. ಯಾವ ಮದ್ದಿಗೆ ಅದು ಬಗ್ಗುತ್ತದೆಂದು ರಕ್ತವನ್ನು ತೆಗೆದು ಹೊರಗೆ ನೋಡುತ್ತಾರೆ. ನೋಡಿ ಕೊಟ್ಟ ಮದ್ದನ್ನು ಪೂರ್ತಿಯಾಗಿ ತೆಗೆದುಕೊಳ್ಳಬೇಕು, ಎಂದು ಹೇಳಿದೆನು. ಮೂರನೆಯ ಬಾರಿ ಹೇಳಬೇಕಾಗಲಿಲ್ಲ. ಸಾಹಿತ್ಯವನ್ನೂ ಭಾಷೆಯನ್ನೂ ಬೋಧಿಸುವ ಉಪಾಧ್ಯಾಯರೂ, ಪಾಠಪುಸ್ತಕಗಳನ್ನು ಪರಿಶೀಲಿಸುವ ವಿದ್ವಾಂಸರೂ ಈ ಮೂರು ಪದಗಳನ್ನು ತಮ್ಮ ವಿಚಾರಕ್ಕೆ ತೆಗೆದುಕೊಂಡು, ನನ್ನ ಸೂಚನೆಯಲ್ಲಿ ದೋಷವಿದ್ದರೆ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.